ನೇಪಾಳದ ಇಂಧನ ಭದ್ರತೆ: ಪೈಪ್‌ಲೈನ್ ಬಂತು, ಕರೆಂಟ್ ರಫ್ತೂ ಶುರುವಾಯಿತು, ಬಾಕಿ ಉಳಿದಿದ್ದೇನು?

ಪ್ರಶ್ನೆ: ಓದುಗ_ಧಾರವಾಡ

ಎಲ್ಲವನ್ನೂ ಹೊರಗಿನಿಂದ ತರಿಸಿಕೊಳ್ಳುವ ದೇಶ ನೆರೆಯವರ ಜೊತೆ ಸೇರಿ ಇಂಧನದ ಕೊರತೆ ನೀಗಿಸಿಕೊಳ್ಳುವುದು ಹೇಗೆ ಎನ್ನುವ ಮಾತು ಬಂದಾಗ ಎಲ್ಲರೂ ನೇಪಾಳದ ಹೆಸರು ಹೇಳುತ್ತಾರೆ. ಆ ದೇಶದಲ್ಲಿ ಒಂದು ಹನಿ ಪೆಟ್ರೋಲೂ ಉತ್ಪಾದನೆಯಾಗುವುದಿಲ್ಲ, ಸಂಸ್ಕರಣಾಗಾರವೂ ಇಲ್ಲ. ಇತ್ತ ಜಲವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯ 3,000 ಮೆಗಾವ್ಯಾಟ್ ದಾಟಿದೆ. ಆದರೂ ಪ್ರತಿ ಚಳಿಗಾಲದಲ್ಲಿ ಭಾರತದಿಂದ ಕರೆಂಟ್ ಕೊಳ್ಳುತ್ತದೆ.

ನನಗಿರುವುದು ಮೂರು ಸಂಶಯ. ಬಿಹಾರದಿಂದ ನೇಪಾಳಕ್ಕೆ ಎಣ್ಣೆ ಸಾಗಿಸುವ ಮೋತಿಹಾರಿ–ಅಮ್ಲೇಖಗಂಜ್ ಪೈಪ್‌ಲೈನ್ ಬಂದ ಮೇಲೆ, ಗಡಿಯಲ್ಲಿ ಸರಬರಾಜು ನಿಂತ 2015ರಂಥ ಪರಿಸ್ಥಿತಿ ಮರುಕಳಿಸಿದರೆ ನೇಪಾಳ ತಡೆದುಕೊಳ್ಳುತ್ತದೆಯೋ, ಅಥವಾ ಗಂಟು ಇನ್ನಷ್ಟು ಬಿಗಿಯಾಗಿದೆಯೋ? ಇಷ್ಟು ನದಿಗಳಿದ್ದೂ ಚಳಿಗಾಲದಲ್ಲಿ ಕೊರತೆ ಯಾಕೆ? ಬಾಂಗ್ಲಾದೇಶಕ್ಕೆ ಬರೀ 40 ಮೆಗಾವ್ಯಾಟ್ ಕಳಿಸಿದ್ದನ್ನು ಯಾಕೆ ಅಷ್ಟು ದೊಡ್ಡ ಸುದ್ದಿ ಮಾಡಿದರು? ನಮ್ಮಲ್ಲಿ ಒಂದು ತಾಲೂಕಿಗೇ ಅದು ಸಾಲುವುದು ಕಷ್ಟ. ಈ ಕ್ಷೇತ್ರ ಬಲ್ಲವರು ಲೆಕ್ಕ ಸಮೇತ ತಿಳಿಸಿದರೆ ಉಪಕಾರ.

ಉತ್ತರ 1: ಡಿಪೊ_ಲೆಕ್ಕ

ಮೊದಲ ಸಂಶಯಕ್ಕೆ ಮಾತ್ರ ಉತ್ತರಿಸುತ್ತೇನೆ. ಕರೆಂಟಿನ ವಿಷಯ ಬಲ್ಲವರು ಇಲ್ಲಿ ಬೇರೆ ಇದ್ದಾರೆ.

ಪೈಪ್‌ಲೈನಿನ ಉದ್ದ 69 ಕಿ.ಮೀ., ಅರ್ಧಕ್ಕಿಂತ ತುಸು ಹೆಚ್ಚು ನೇಪಾಳದೊಳಗಿದೆ. 2019ರ ಸೆಪ್ಟೆಂಬರ್ 10ರಂದು ಚಾಲನೆಯಾಯಿತು. ವರ್ಷಕ್ಕೆ 20 ಲಕ್ಷ ಟನ್ ಸಾಗಿಸಬಲ್ಲದು. ಡೀಸೆಲಿಗೆ ಲೀಟರಿಗೆ 0.83 ಕೆ.ಜಿ. ಸಾಂದ್ರತೆ ಹಿಡಿದರೆ ಇದು ಸುಮಾರು 24 ಲಕ್ಷ ಕಿಲೋಲೀಟರ್, ಅಂದರೆ ದಿನಕ್ಕೆ 6,600 ಕಿಲೋಲೀಟರ್. ಇಷ್ಟನ್ನು ರಸ್ತೆಯಲ್ಲಿ ತರಬೇಕೆಂದರೆ 20 ಕಿಲೋಲೀಟರಿನ ಟ್ಯಾಂಕರ್ ದಿನಕ್ಕೆ 330 ಬೇಕು. ರಕ್ಸೌಲ್–ಬೀರಗಂಜ್ ಗಡಿಯ ಸಾಲು, ದಾರಿಯಲ್ಲಿ ಸೋರಿಕೆ, ಕಳವು, ಕಲಬೆರಕೆ, ಇವೆಲ್ಲ ಕೊಳವೆಯಿಂದಾಗಿ ಬಹಳಷ್ಟು ಕಡಿಮೆಯಾಗಿವೆ. ಅದು ನಿಜವಾದ ಲಾಭ, ಅದನ್ನು ಅಲ್ಲಗಳೆಯುವಂತಿಲ್ಲ.

ಇನ್ನು 2015. ಸೆಪ್ಟೆಂಬರ್ ಕೊನೆಯಿಂದ 2016ರ ಫೆಬ್ರವರಿ ಆರಂಭದವರೆಗೆ ಸರಬರಾಜು ಕುಸಿದಿತ್ತು. ಹೊಸ ಸಂವಿಧಾನವನ್ನು ವಿರೋಧಿಸಿ ದಕ್ಷಿಣದ ಬಯಲಿನ ಮಧೇಸಿ ಸಮುದಾಯದ ಪ್ರತಿಭಟನಾಕಾರರು ಬೀರಗಂಜ್ ಗಡಿಯಲ್ಲಿ ಕೂತಿದ್ದರು. ಭಾರತವೇ ಅಘೋಷಿತ ದಿಗ್ಬಂಧನ ಹಾಕಿದೆ ಎಂದು ಕಾಠ್ಮಂಡು ದೂರಿತು, ದೆಹಲಿ ಅದನ್ನು ನಿರಾಕರಿಸಿತು. ರಾಜಕೀಯ ಪಕ್ಕಕ್ಕಿಟ್ಟು ನೋಡಿದರೆ ತಾಂತ್ರಿಕ ಪಾಠ ಸ್ಪಷ್ಟವಾಗಿದೆ. ರಸ್ತೆಯಲ್ಲಿ ಜನ ಕೂತರೆ ಟ್ಯಾಂಕರ್ ನಿಲ್ಲುತ್ತದೆ, ನೆಲದಡಿಯ ಕೊಳವೆ ನಿಲ್ಲುವುದಿಲ್ಲ. ಆದರೆ ಆಚೆ ತುದಿಯಲ್ಲಿ ಪಂಪ್ ಒತ್ತುವವರು ಒತ್ತದಿದ್ದರೆ ಕೊಳವೆಯೂ ನಿಲ್ಲುತ್ತದೆ. ನೇಪಾಳ ಆಯಿಲ್ ಕಾರ್ಪೊರೇಷನ್ನಿಗೆ ಎಣ್ಣೆ ಕೊಡುವುದು ಇಂಡಿಯನ್ ಆಯಿಲ್. ಅಂಗಡಿ ಒಂದೇ, ಅಂಗಡಿಗೆ ಹೋಗುವ ದಾರಿ ಮಾತ್ರ ಸುಧಾರಿಸಿದೆ.

ಹಾಗಾಗಿ ಕೇಳಬೇಕಾದ್ದು 'ದಾಸ್ತಾನು ಎಷ್ಟು ದಿನಕ್ಕೆ' ಎಂದು. ಇಲ್ಲಿ ಬಹಳ ಜನ ತಪ್ಪುವ ಒಂದು ಲೆಕ್ಕವಿದೆ. ಡಿಪೊದ ಟ್ಯಾಂಕುಗಳ ಒಟ್ಟು ಗಾತ್ರವನ್ನು ದಿನದ ಮಾರಾಟದಿಂದ ಭಾಗಿಸಿ 'ಇಷ್ಟು ದಿನ' ಅನ್ನುತ್ತಾರೆ. ಟ್ಯಾಂಕಿನ ತಳದಲ್ಲಿ ಪಂಪಿಗೆ ಸಿಗದ ಎಣ್ಣೆ ಇರುತ್ತದೆ. ಅದರ ಕೆಳಗೆ ನೀರು, ಕೆಸರು. ಮೇಲ್ಗಡೆ ಬಿಸಿಲಿಗೆ ಹಿಗ್ಗಲು ಜಾಗ ಬಿಡಲೇಬೇಕು. ಇದರ ಮೇಲೆ, ಒಂದು ಟ್ಯಾಂಕ್ ತುಂಬುತ್ತಿದ್ದರೆ ಅದರಿಂದ ಅದೇ ಹೊತ್ತಿಗೆ ಲಾರಿಗೆ ತುಂಬಿಸುವುದಿಲ್ಲ. ಎಣ್ಣೆ ನೆಲೆಯಾಗಬೇಕು, ಮಾದರಿ ತೆಗೆದು ಪರೀಕ್ಷೆಯಾಗಬೇಕು. ಅಳತೆ ಮಾಡುವಾಗ ಬಳಕೆಗೆ ಸಿಗುವ ದಾಸ್ತಾನನ್ನು ಮಾತ್ರ ಹಿಡಿಯಿರಿ, ಕಾಗದದ ಮೇಲಿನ ದಿನಗಳು ಆಗ ಸಾಕಷ್ಟು ಕುಗ್ಗುತ್ತವೆ.

ದಾಸ್ತಾನು ಎಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ಅಮ್ಲೇಖಗಂಜ್ ಇರುವುದು ತರಾಯಿಯ, ಅಂದರೆ ದಕ್ಷಿಣದ ಬಯಲಿನ, ಅಂಚಿನಲ್ಲಿ. ಬೇಡಿಕೆ ಇರುವ ಕಾಠ್ಮಂಡು ಕಣಿವೆಗೆ ಅಲ್ಲಿಂದ ಗುಡ್ಡದ ರಸ್ತೆಯಲ್ಲೇ ಹೋಗಬೇಕು. 2024ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ ಕಣಿವೆಗೆ ಹೋಗುವ ಹೆದ್ದಾರಿಗಳೇ ಕುಸಿದಿದ್ದವು. ಅಂಥ ವಾರದಲ್ಲಿ ಅಮ್ಲೇಖಗಂಜಿನ ಟ್ಯಾಂಕ್ ತುಂಬಿದ್ದರೂ ಕಾಠ್ಮಂಡುವಿನ ಥಾನ್‌ಕೋಟ್ ಡಿಪೊ ಖಾಲಿಯಾದರೆ ರಾಜಧಾನಿಗೆ ಉಪಯೋಗವಿಲ್ಲ.

ಕೊಳವೆಯಲ್ಲಿ ಮೊದಲು ಹರಿದಿದ್ದು ಡೀಸೆಲ್ ಮಾತ್ರ. ಒಂದೇ ಕೊಳವೆಯಲ್ಲಿ ಪೆಟ್ರೋಲೂ ಕಳಿಸಬಹುದು, ಆದರೆ ಒಂದರ ಬೆನ್ನಿಗೆ ಇನ್ನೊಂದು ಹೋಗುವಾಗ ನಡುವೆ ಬೆರಕೆಯ ಪಟ್ಟಿಯೊಂದು ಹುಟ್ಟುತ್ತದೆ. ಶೇಕಡಾ ಒಂದರಷ್ಟು ಪೆಟ್ರೋಲ್ ಸೇರಿದರೂ ಡೀಸೆಲಿನ ಫ್ಲ್ಯಾಶ್ ಪಾಯಿಂಟ್ (ಆವಿ ಹೊತ್ತಿಕೊಳ್ಳುವ ಉಷ್ಣತೆ) ಧಡಕ್ಕನೆ ಇಳಿದು ಇಡೀ ಟ್ಯಾಂಕ್ ತಿರಸ್ಕಾರವಾಗಬಹುದು. ಅದಕ್ಕೇ ಇವೆರಡರ ನಡುವೆ ಸೀಮೆಎಣ್ಣೆಯ ಒಂದು ತುಂಡು ಕಳಿಸುವ ಪದ್ಧತಿ ಇದೆ. ಆಚೆ ಬದಿಯಲ್ಲಿ ಡೆನ್ಸಿಟಿ ಮೀಟರ್ ನೋಡಿಕೊಂಡು ವಾಲ್ವ್ ತಿರುಗಿಸಿ, ಬೆರಕೆಯನ್ನು ಬೇರೆ ಟ್ಯಾಂಕಿಗೆ ಇಳಿಸಬೇಕು. ಆ ಬೇರೆ ಟ್ಯಾಂಕ್ ಇಲ್ಲದಿದ್ದರೆ ಬಹು ಉತ್ಪನ್ನದ ಮಾತೇ ಆಡುವಂತಿಲ್ಲ.

ನನ್ನ ಅಭಿಪ್ರಾಯದಲ್ಲಿ ಭದ್ರತೆಗೆ ನಿಜಕ್ಕೂ ನೆರವಾಗುವುದು ಎರಡನೇ ಬಾಯಿ. ಸಿಲಿಗುರಿಯಿಂದ ಝಾಪಾದ ಚಾರಾಲಿಗೆ ಹೊಸ ಕೊಳವೆ, ಅಮ್ಲೇಖಗಂಜಿನಿಂದ ಚಿತ್ವನದ ಲೋಥರ್‌ಗೆ ವಿಸ್ತರಣೆ, ಎರಡೂ ಕಡೆ ಹೊಸ ಟರ್ಮಿನಲ್, ಇವಕ್ಕೆ 2024ರ ಅಕ್ಟೋಬರಿನಲ್ಲಿ ಒಪ್ಪಂದವಾಗಿದೆ. ಮೋತಿಹಾರಿಗೆ ಎಣ್ಣೆ ಬರುವುದು ಬರೌನಿ ಕಡೆಯಿಂದ, ಸಿಲಿಗುರಿಗೆ ಅಸ್ಸಾಮಿನ ಕಡೆಯಿಂದ. ಒಂದು ಸಂಸ್ಕರಣಾಗಾರ ದುರಸ್ತಿಗೆ ನಿಂತರೂ ಇನ್ನೊಂದು ಬಾಯಿ ತೆರೆದಿರುತ್ತದೆ. ಮಾರುವವರು ಭಾರತದವರೇ ಆದರೂ ಒಂದೇ ಗಡಿ, ಒಂದೇ ಪಂಪ್ ಹೌಸ್ ನೆಚ್ಚಿಕೊಳ್ಳುವುದು ತಪ್ಪುತ್ತದೆ.

ಅಡುಗೆ ಅನಿಲ ಇನ್ನೂ ರಸ್ತೆಯ ಮೇಲೇ ಇದೆ, ಬುಲೆಟ್ ಟ್ಯಾಂಕರಿನಲ್ಲಿ. 2015ರಲ್ಲಿ 14.2 ಕೆ.ಜಿ. ಸಿಲಿಂಡರಿಗೆ 7.1 ಕೆ.ಜಿ. ಮಾತ್ರ ತುಂಬಿ ಹಂಚಿದ್ದರು. ಇವತ್ತು ಅದೇ ಪರಿಸ್ಥಿತಿ ಬಂದರೆ ಮೊದಲು ಆರುವುದು ಅಡುಗೆಮನೆಯ ಒಲೆ.

ಉತ್ತರ 2: ಶರಾವತಿ_ಕೆಳದಂಡೆ

ಎರಡನೇ ಸಂಶಯಕ್ಕೆ ನಮ್ಮ ಶರಾವತಿಯಿಂದಲೇ ಶುರು ಮಾಡೋಣ, ಬೇಗ ಅರ್ಥವಾಗುತ್ತದೆ.

ಲಿಂಗನಮಕ್ಕಿಯಲ್ಲಿ 151 ಟಿಎಂಸಿ ನೀರು ನಿಲ್ಲುತ್ತದೆ. ಆಗಸ್ಟಿನಲ್ಲಿ ಬಿದ್ದ ಮಳೆಯನ್ನು ಏಪ್ರಿಲಿನ ಸಂಜೆ ಏಳು ಗಂಟೆಗೆ ಕರೆಂಟ್ ಮಾಡುವ ಶಕ್ತಿ ಆ ಜಲಾಶಯದ್ದು. ನೇಪಾಳದಲ್ಲಿ ಹೀಗೆ ಋತುವಿನಿಂದ ಋತುವಿಗೆ ನೀರು ಹಿಡಿದಿಡುವ ವಿದ್ಯುತ್ ಯೋಜನೆ ಅಂತ ಹೇಳಿಕೊಳ್ಳುವಂಥದ್ದು ಕುಲೇಖಾನಿ ಒಂದೇ. ಅದರ ಇಂದ್ರ ಸರೋವರದ ಒಟ್ಟು ಸಂಗ್ರಹ 8.5 ಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ 3 ಟಿಎಂಸಿ. ಒಂದರ ಕೆಳಗೊಂದು ಇರುವ ಮೂರು ಕೇಂದ್ರಗಳೂ ಸೇರಿ 60, 32, 14, ಒಟ್ಟು 106 ಮೆಗಾವ್ಯಾಟ್. ಉಳಿದವು ಹೆಚ್ಚುಕಡಿಮೆ ಎಲ್ಲವೂ ಹರಿವ ನದಿಗೆ ಅಡ್ಡ ಕಟ್ಟೆ ಕಟ್ಟಿ, ಸುರಂಗದಲ್ಲಿ ತಿರುಗಿಸಿ, ಕೆಳಗೆ ಟರ್ಬೈನಿಗೆ ಬಿಟ್ಟು, ಮತ್ತೆ ನದಿಗೇ ಸೇರಿಸುವಂಥವು. 456 ಮೆಗಾವ್ಯಾಟಿನ ಅಪ್ಪರ್ ತಾಮಾಕೋಶಿಯೂ ಕೆಲವು ಗಂಟೆಗಳಷ್ಟು ನೀರು ಮಾತ್ರ ಹಿಡಿದಿಡಬಲ್ಲದು. ಸಂಜೆಯ ಬೇಡಿಕೆಗೆ ಅದು ಸಾಕು, ಚಳಿಗಾಲಕ್ಕೆ ಸಾಲದು.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನದಿಗಳ ಹರಿವು ಇಳಿದಂತೆ ಉತ್ಪಾದನೆ ಸ್ಥಾಪಿತ ಸಾಮರ್ಥ್ಯದ ಮೂರನೇ ಒಂದು ಭಾಗದ ಆಸುಪಾಸಿಗೆ ಬಂದು ನಿಲ್ಲುತ್ತದೆ. '3,000 ಮೆಗಾವ್ಯಾಟ್' ಎಂದು ಕೇಳಿದಾಗ ಫೆಬ್ರವರಿಯಲ್ಲಿ ಸುಮಾರು 1,000 ಎಂದು ಓದಿಕೊಳ್ಳಿ. ಗರಿಷ್ಠ ಬೇಡಿಕೆ ಅದರ ಎರಡು ಪಟ್ಟಿಗೂ ಹೆಚ್ಚು. ಮಿಕ್ಕಿದ್ದನ್ನು ಎಲ್ಲಿಂದ ತರಬೇಕು? ನೇಪಾಳದ ಧಲ್ಕೇಬರನ್ನು ಬಿಹಾರಕ್ಕೆ ಜೋಡಿಸುವ ಧಲ್ಕೇಬರ್–ಮುಜಫ್ಫರ್‌ಪುರ ಲೈನಿನಿಂದ. ಈ ಲೈನು 2016ರ ಫೆಬ್ರವರಿಯಲ್ಲಿ 132 ಕೆ.ವಿ.ಯಲ್ಲಿ ಚಾಲನೆಯಾಯಿತು, ಆಮೇಲೆ 220ಕ್ಕೆ ಏರಿತು, ಈಗ ವಿನ್ಯಾಸದಂತೆ 400 ಕೆ.ವಿ.ಯಲ್ಲಿ ಓಡುತ್ತಿದೆ. ಕಾಠ್ಮಂಡುವಿನಲ್ಲಿ ದಿನಕ್ಕೆ ಹದಿನಾರು ಗಂಟೆವರೆಗೂ ಹೋಗಿದ್ದ ಲೋಡ್ ಶೆಡ್ಡಿಂಗ್ ನಿಂತಿದ್ದು ಈ ಲೈನು ಬಂದ ಮೇಲೇ. ಹಂಚಿಕೆಯಲ್ಲಿ ತಂದ ಶಿಸ್ತೂ ಜೊತೆಗಿತ್ತು, ಆದರೆ ಹಂಚಲು ಕರೆಂಟ್ ಬಂದಿದ್ದು ಗಡಿಯಾಚೆಯಿಂದ.

ಮಳೆಗಾಲದ ಕಥೆ ಉಲ್ಟಾ. ಬೇಡಿಕೆಗಿಂತ ಉತ್ಪಾದನೆ ಹೆಚ್ಚು, ಹಿಡಿದಿಡಲು ಜಾಗವಿಲ್ಲ, ಮಾರದಿದ್ದರೆ ನೀರು ಕಟ್ಟೆಯ ಮೇಲಿಂದ ಹರಿದು ಹೋಗುತ್ತದೆ. ನೇಪಾಳ ವಿದ್ಯುತ್ ಪ್ರಾಧಿಕಾರ ಖಾಸಗಿ ಯೋಜನೆಗಳ ಜೊತೆ ಮಾಡಿಕೊಂಡ ಹಳೆಯ ಒಪ್ಪಂದಗಳು 'ತೆಗೆದುಕೊಳ್ಳಿ ಇಲ್ಲವೇ ದುಡ್ಡು ಕೊಡಿ' ಬಗೆಯವು. ದರ ಮಳೆಗಾಲಕ್ಕೆ ಯೂನಿಟ್ಟಿಗೆ 4.80, ಒಣ ಋತುವಿಗೆ 8.40 ನೇಪಾಳಿ ರೂಪಾಯಿ. 1.6ರಿಂದ ಭಾಗಿಸಿದರೆ ನಮ್ಮ 3 ರೂ. ಮತ್ತು 5.25 ರೂ. ನೀರು ಹರಿದು ಹೋದರೂ 3 ರೂ. ತೆರಬೇಕು. ಆದ್ದರಿಂದ ಮಳೆಗಾಲದಲ್ಲಿ ರಫ್ತು ಅವರಿಗೆ ನಷ್ಟ ತಪ್ಪಿಸುವ ದಾರಿ.

ಕೆಡುವುದೂ ಮಳೆಗಾಲದಲ್ಲೇ ಹೆಚ್ಚು. ಹಿಮಾಲಯದ ನದಿಗಳ ಮರಳಿನಲ್ಲಿ ಸ್ಫಟಿಕದ ಅಂಶ ಬಹಳ. ಅದು ಟರ್ಬೈನ್ ರನ್ನರನ್ನು (ನೀರಿಗೆ ತಿರುಗುವ ಚಕ್ರ) ಉಜ್ಜುಕಾಗದದಂತೆ ಸವೆಸುತ್ತದೆ. ಹೂಳು ನೆಲೆಸುವ ತೊಟ್ಟಿ ಸಣ್ಣದಾಗಿದ್ದರೆ ಅಥವಾ ಕೆಸರಿನ ಪ್ರಮಾಣ ಮಿತಿ ಮೀರಿದರೆ ಘಟಕ ನಿಲ್ಲಿಸಲೇಬೇಕು, ಅದೂ ನದಿ ತುಂಬಿ ಹರಿಯುವ ದಿನವೇ. ಟಂಗ್‌ಸ್ಟನ್ ಕಾರ್ಬೈಡ್ ಲೇಪನ ಸವೆತವನ್ನು ನಿಧಾನಿಸುತ್ತದೆ, ಪೂರ್ತಿ ತಡೆಯುವುದಿಲ್ಲ. 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ಅಪ್ಪರ್ ತಾಮಾಕೋಶಿ ನಿಂತಿದ್ದು ಮತ್ತೆ ಓಡಲು ಡಿಸೆಂಬರ್ ಕೊನೆ ಬಂತು. ಒಂದೇ ಏಟಿಗೆ 456 ಮೆಗಾವ್ಯಾಟ್ ಇಲ್ಲ, ಚಳಿಗಾಲದ ಹೊಸ್ತಿಲಲ್ಲಿ. ಕಣಿವೆಯೊಂದರಲ್ಲಿ ಸಾಲಾಗಿ ಕಟ್ಟಿದ ಯೋಜನೆಗಳು ಒಂದೇ ಪ್ರವಾಹಕ್ಕೆ ಒಟ್ಟಿಗೇ ಬೀಳುತ್ತವೆ ಅನ್ನುವುದನ್ನು ಯೋಜಿಸುವವರು ಇನ್ನೂ ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂದೇ ನನಗನಿಸುತ್ತದೆ.

140 ಮೆಗಾವ್ಯಾಟಿನ ತನಹೂಂ ಜಲಾಶಯ ಕಟ್ಟುತ್ತಿದ್ದಾರೆ. 1,200 ಮೆಗಾವ್ಯಾಟಿನ ಬೂಢಿ ಗಂಡಕಿ ದಶಕಗಳಿಂದ ಕಾಗದದ ಮೇಲಿದೆ. ಮುಳುಗಡೆ ಅಂದರೇನು ಎಂದು ಶರಾವತಿ ಕಣಿವೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯೂ ಯೋಜನೆ ತಡವಾಗಲು ದೊಡ್ಡ ಕಾರಣ ಅದೇ, ಜನರ ಭೂಮಿ ಮತ್ತು ಪರಿಹಾರ.

ಉತ್ತರ 3: ತೊಂಬತ್ತಾರು_ಬ್ಲಾಕ್

40 ಮೆಗಾವ್ಯಾಟ್ ದುಡ್ಡಿನಲ್ಲಿ ಎಷ್ಟು ಅಂತ ಮೊದಲು ನೋಡೋಣ. ನೇಪಾಳ ವಿದ್ಯುತ್ ಪ್ರಾಧಿಕಾರ, ಬಾಂಗ್ಲಾದೇಶ ವಿದ್ಯುತ್ ಅಭಿವೃದ್ಧಿ ಮಂಡಳಿ, ಭಾರತದ ಎನ್‌ಟಿಪಿಸಿ ವಿದ್ಯುತ್ ವ್ಯಾಪಾರ ನಿಗಮ ಮೂವರೂ 2024ರ ಅಕ್ಟೋಬರ್ 3ರಂದು ಕಾಠ್ಮಂಡುವಿನಲ್ಲಿ ಸಹಿ ಹಾಕಿದರು. ಜೂನ್ 15ರಿಂದ ನವೆಂಬರ್ 15ರವರೆಗೆ ಮಾತ್ರ ಸರಬರಾಜು, ದರ ಯೂನಿಟ್ಟಿಗೆ 6.4 ಅಮೆರಿಕನ್ ಸೆಂಟ್. ಐದು ತಿಂಗಳು ಬಿಡದೆ ಹರಿದರೆ ಸುಮಾರು 14.7 ಕೋಟಿ ಯೂನಿಟ್, 94 ಲಕ್ಷ ಡಾಲರ್. ಮೊದಲ ವರ್ಷ ನವೆಂಬರ್ 15ರಂದು ಒಂದು ದಿನ ಹರಿಸಿ ಶಾಸ್ತ್ರ ಮುಗಿಸಿದರು. ಪೂರ್ಣ ಋತುವಿನ ಸರಬರಾಜಿಗೆ ಮುಂದಿನ ಜೂನ್ ಬರಬೇಕಾಯಿತು. ಮೊತ್ತ ದೊಡ್ಡದಲ್ಲ ಅನ್ನುವುದು ಸರಿ.

ಆದರೆ ಇದಕ್ಕೂ ಮುಂಚೆ ದಕ್ಷಿಣ ಏಷ್ಯಾದ ವಿದ್ಯುತ್ ವ್ಯಾಪಾರವೆಲ್ಲ ಇಬ್ಬಿಬ್ಬರ ನಡುವೆ ಇತ್ತು: ಭೂತಾನ್–ಭಾರತ, ಭಾರತ–ಬಾಂಗ್ಲಾ, ನೇಪಾಳ–ಭಾರತ. ಒಂದು ದೇಶದ ಕರೆಂಟ್ ಇನ್ನೊಂದು ದೇಶದ ತಂತಿ ದಾಟಿ ಮೂರನೇ ದೇಶಕ್ಕೆ ಮಾರಾಟವಾಗಿದ್ದು ಇದೇ ಮೊದಲು. ಅದಕ್ಕೆ ಬೇಕಾದ ಕಾಗದ ಒಮ್ಮೆ ಸಿದ್ಧವಾದರೆ 40 ಇದ್ದದ್ದು 400 ಮಾಡುವುದು ತಂತಿಯ ಪ್ರಶ್ನೆ ಮಾತ್ರ. ಸಾರ್ಕ್ ದೇಶಗಳು ವಿದ್ಯುತ್ ಸಹಕಾರದ ಚೌಕಟ್ಟಿಗೆ ಸಹಿ ಹಾಕಿದ್ದು 2014ರ ನವೆಂಬರಿನಲ್ಲಿ. ಅಲ್ಲಿಂದ ಇಲ್ಲಿಗೆ ಬರಲು ಹತ್ತು ವರ್ಷ ಹಿಡಿಯಿತು. ಸುದ್ದಿಯಾಗಿದ್ದರಲ್ಲಿ ತಪ್ಪಿಲ್ಲ.

ದಾರಿ ಹೀಗಿದೆ. ಧಲ್ಕೇಬರಿನಿಂದ ಮುಜಫ್ಫರ್‌ಪುರಕ್ಕೆ 400 ಕೆ.ವಿ. ಲೈನು. ಮಾರಾಟದ ಅಳತೆ ಮುಜಫ್ಫರ್‌ಪುರದ ಮೀಟರಿನಲ್ಲಿ, ಅಲ್ಲಿಯವರೆಗಿನ ನಷ್ಟ ನೇಪಾಳದ್ದು. ಅಲ್ಲಿಂದ ಭಾರತದ ಗ್ರಿಡ್ ಹಾದು ಪಶ್ಚಿಮ ಬಂಗಾಳದ ಬಹರಾಂಪುರ, ಗಡಿಯಾಚೆ ಭೇರಾಮಾರಾ. ನೇಪಾಳ ಮತ್ತು ಭಾರತದ ಗ್ರಿಡ್‌ಗಳು ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ, ಬಾಂಗ್ಲಾದೇಶದ್ದು ಬೇರೆ ತಾಳ. ಎರಡೂ 50 ಹರ್ಟ್ಜ್ ಆದರೂ ನೇರ ಜೋಡಿಸುವಂತಿಲ್ಲ. ಅದಕ್ಕೇ ಭೇರಾಮಾರಾದಲ್ಲಿ ಎಸಿಯನ್ನು ಡಿಸಿ ಮಾಡಿ ಅದೇ ಅಂಗಳದಲ್ಲಿ ಮತ್ತೆ ಎಸಿ ಮಾಡುವ ಕೇಂದ್ರವಿದೆ: 2013ರಲ್ಲಿ 500 ಮೆಗಾವ್ಯಾಟ್, 2018ರಲ್ಲಿ ಇನ್ನೊಂದು 500. ಭಾರತದ ಗ್ರಿಡ್‌ನಿಂದ ಬಾಂಗ್ಲಾ ಕೊಳ್ಳುವ ಕರೆಂಟಿನ ದೊಡ್ಡ ಪಾಲು ಇದೇ ಬಾಗಿಲಿನಿಂದ ಹೋಗುತ್ತದೆ. ನೇಪಾಳದ ಪಾಲು 40ಕ್ಕೆ ನಿಂತದ್ದಕ್ಕೆ ಆ ಬಾಗಿಲಿನಲ್ಲಿ ಉಳಿದ ಜಾಗವೂ ಒಂದು ಕಾರಣ.

ಈಗ ತೊಡಕಿನ ಭಾಗ. ಭಾರತದ 2018ರ ಮಾರ್ಗಸೂಚಿ ಮತ್ತು 2021ರ ಕಾರ್ಯವಿಧಾನದ ಪ್ರಕಾರ ಗಡಿಯಾಚೆಯ ಪ್ರತಿ ವಿದ್ಯುತ್ ಕೇಂದ್ರಕ್ಕೂ ಬಿಡಿಬಿಡಿಯಾಗಿ ಅನುಮೋದನೆ ಬೇಕು, ಅದಕ್ಕೆ ಅವಧಿಯೂ ಇರುತ್ತದೆ. ಭಾರತದ ಜೊತೆ ಭೂಗಡಿ ಇದ್ದೂ ವಿದ್ಯುತ್ ಒಪ್ಪಂದ ಇಲ್ಲದ ದೇಶದ ಮಾಲೀಕತ್ವ ಕೇಂದ್ರದಲ್ಲಿದ್ದರೆ ಅನುಮೋದನೆ ಸಿಗುವುದಿಲ್ಲ. ನಿಯಮದಲ್ಲಿ ಹೆಸರಿಲ್ಲ, ಅರ್ಥ ಚೀನಾ ಎಂದು. ಬಂಡವಾಳಕ್ಕಷ್ಟೇ ಅಲ್ಲ, ಗುತ್ತಿಗೆದಾರ ಚೀನಾದವನಾಗಿದ್ದರೂ ಕಡತ ನಿಲ್ಲುತ್ತದೆ ಅನ್ನುವುದು ನೇಪಾಳದ ದೂರು. ಅಂಥ ಕೇಂದ್ರಗಳ ಕರೆಂಟನ್ನು ಒಳಗೇ ಬಳಸಿ, ಅನುಮೋದನೆ ಇರುವವುಗಳದನ್ನು ರಫ್ತಿಗೆ ಬಿಡುವುದು ಅವರ ಉಪಾಯ. ಎಲೆಕ್ಟ್ರಾನಿಗೆ ರಾಷ್ಟ್ರೀಯತೆ ಇಲ್ಲ, ಆದರೆ ಯಾವ ಕೇಂದ್ರ ಯಾವಾಗ ಎಷ್ಟು ಕೊಡುತ್ತದೆ ಎಂದು ಬರೆಯುವ ಶೆಡ್ಯೂಲ್ ಹಾಳೆಯಲ್ಲಿ ಇರುತ್ತದೆ. 2021ರ ನವೆಂಬರಿನಲ್ಲಿ ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ನೇಪಾಳ ಮಾರಾಟ ಶುರು ಮಾಡಿದ್ದು ಬರೀ 39 ಮೆಗಾವ್ಯಾಟಿನಿಂದ, ಭಾರತದ ನೆರವಿನಲ್ಲಿ ಕಟ್ಟಿದ ತ್ರಿಶೂಲಿ ಮತ್ತು ದೇವಿಘಾಟ್ ಕೇಂದ್ರಗಳದ್ದು. ಹತ್ತು ವರ್ಷದಲ್ಲಿ ನೇಪಾಳದಿಂದ ಭಾರತ 10,000 ಮೆಗಾವ್ಯಾಟ್ ಕೊಳ್ಳುವ ಒಪ್ಪಂದ 2024ರ ಜನವರಿಯಲ್ಲಿ ಆಗಿದೆ. ಈ ಕಡತದ ಪದ್ಧತಿ ಬದಲಾಗದೆ ಅಷ್ಟು ಮೆಗಾವ್ಯಾಟ್ ದಾಟುವುದು ನನಗೆ ಕಾಣುವುದಿಲ್ಲ.

ಮಾರುಕಟ್ಟೆಯ ದಿನಚರಿಯೂ ಸುಲಭದ್ದಲ್ಲ. ದಿನವನ್ನು 15 ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿಗೆ ಎಷ್ಟು ಕೊಡುತ್ತೇವೆ ಎಂದು ಹಿಂದಿನ ದಿನವೇ ಬಿಡ್ ಹಾಕಬೇಕು. ರಾತ್ರಿ ಎರಡಕ್ಕೆ ಕೆಸರು ಬಂದು ಘಟಕ ನಿಂತರೆ ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ಇರುವ ವ್ಯತ್ಯಾಸಕ್ಕೆ ಶುಲ್ಕ ಕಟ್ಟಬೇಕು. ಭಾರತದಲ್ಲಿ ಸೌರ ವಿದ್ಯುತ್ ಹೆಚ್ಚಿದಂತೆ ಮಧ್ಯಾಹ್ನದ ದರ ಕುಸಿದಿದೆ, ಸಂಜೆಯದ್ದು ಗರಿಷ್ಠ ಮಿತಿಯಾದ 10 ರೂಪಾಯಿ ಮುಟ್ಟುವ ದಿನಗಳಿವೆ. ಸಂಜೆಗೆಂದು ನಾಲ್ಕು ತಾಸಿನಷ್ಟು ನೀರು ಹಿಡಿದಿಟ್ಟುಕೊಳ್ಳಬಲ್ಲ ಕೇಂದ್ರಕ್ಕೆ ಈ ಮಾರುಕಟ್ಟೆಯಲ್ಲಿ ಬೆಲೆ ಇದೆ. ಹಿಡಿಯಲಾಗದ ಕೇಂದ್ರ ಮಧ್ಯಾಹ್ನದ ದರಕ್ಕೇ ಮಾರಬೇಕು. 2023–24ರಲ್ಲಿ ನೇಪಾಳದ ರಫ್ತಿನ ಹಣ ಮೊದಲ ಸಲ ಆಮದಿನ ಹಣವನ್ನು ತುಸು ದಾಟಿತು. ಇದನ್ನು ಸ್ವಾವಲಂಬನೆ ಎಂದು ಕರೆದವರು ಫೆಬ್ರವರಿಯ ಆಮದಿನ ಬಿಲ್ಲನ್ನೊಮ್ಮೆ ನೋಡಬೇಕು.

ಉತ್ತರ 4: ಟಿಸಿ_ಕಂಬ

ಮೇಲಿನವರು ಗಡಿಯ ತಂತಿ, ಗಡಿಯ ಕೊಳವೆಯ ಬಗ್ಗೆ ಬರೆದರು. ಊರಿನ ಕಂಬದ ಬಗ್ಗೆ ಯಾರೂ ಮಾತಾಡಲಿಲ್ಲ. ಎಣ್ಣೆಯ ಆಮದು ನಿಜವಾಗಿ ಇಳಿಯಬೇಕಾದ್ದು ಅಲ್ಲಿ. ಮಳೆಗಾಲದ ಹೆಚ್ಚುವರಿ ಕರೆಂಟನ್ನು ಅಗ್ಗಕ್ಕೆ ಮಾರುವ ಬದಲು ಒಲೆಗೆ ಮತ್ತು ವಾಹನಕ್ಕೆ ಬಳಸಿದರೆ ಅಷ್ಟು ಅನಿಲ, ಅಷ್ಟು ಪೆಟ್ರೋಲ್ ತರುವುದೇ ಬೇಡ.

ಒಂದು ಸಿಲಿಂಡರಿಗೆ ಎಷ್ಟು ಯೂನಿಟ್? 14.2 ಕೆ.ಜಿ. ಅನಿಲದಲ್ಲಿ ಸುಮಾರು 650 ಮೆಗಾಜೂಲ್ ಶಾಖವಿದೆ. ಗ್ಯಾಸ್ ಒಲೆಯಲ್ಲಿ ಪಾತ್ರೆಗೆ ತಲುಪುವುದು ಶೇ. 55–60. ಅದೇ ಅಡುಗೆ ಇಂಡಕ್ಷನ್ ಒಲೆಯಲ್ಲಿ ಆಗಬೇಕಾದರೆ, ದಕ್ಷತೆ ಶೇ. 85 ಹಿಡಿದರೆ, ಸುಮಾರು 120 ಯೂನಿಟ್. ಸಿಲಿಂಡರ್ ಒಂದೂವರೆ ತಿಂಗಳು ಬರುವ ಮನೆಗೆ ತಿಂಗಳಿಗೆ 80 ಯೂನಿಟ್ ಹೆಚ್ಚುವರಿ. ಇಷ್ಟು ಕರೆಂಟ್ ಮಳೆಗಾಲದಲ್ಲಿ ನೇಪಾಳದ ಬಳಿ ಇದೆ. 2030ರ ಹೊತ್ತಿಗೆ ಶೇ. 25 ಮನೆಗಳಲ್ಲಿ ವಿದ್ಯುತ್ ಒಲೆಯೇ ಮುಖ್ಯ ಒಲೆಯಾಗಬೇಕು ಎಂದು ಹವಾಮಾನ ಒಪ್ಪಂದದಡಿ ಅವರೇ ಗುರಿ ಇಟ್ಟುಕೊಂಡಿದ್ದಾರೆ.

ತಡೆಯುತ್ತಿರುವುದು ಐದು ಆಂಪಿಯರ್. ಬಡ ಮನೆಗಳ ಮೀಟರ್ 5 ಆಂಪಿಯರಿನದು. 230 ವೋಲ್ಟಿಗೆ ಇದು 1,150 ವ್ಯಾಟ್. 1,800 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದರೆ ಎಂಸಿಬಿ ಬೀಳುತ್ತದೆ. 15 ಆಂಪಿಯರಿಗೆ ಏರಿಸಿಕೊಳ್ಳಬಹುದು, ಆದರೆ 5 ಆಂಪಿಯರಿನ ಗ್ರಾಹಕರಿಗೆ ತಿಂಗಳಿಗೆ ಮೊದಲ 20 ಯೂನಿಟ್ ಉಚಿತ. ಮೀಟರ್ ಬದಲಿಸಿದರೆ ಆ ರಿಯಾಯಿತಿ ಹೋಗುತ್ತದೆ. ಬಡವರಿಗೆಂದು ಕೊಟ್ಟ ಸವಲತ್ತೇ ಅವರನ್ನು ಸಿಲಿಂಡರಿಗೆ ಅಥವಾ ಸೌದೆಗೆ ಕಟ್ಟಿಹಾಕಿದೆ. ರಿಯಾಯಿತಿಯನ್ನು ಆಂಪಿಯರಿಗೆ ಅಂಟಿಸದೆ ಬಳಕೆಯ ಯೂನಿಟ್ಟಿಗೆ ಅಂಟಿಸಿದರೆ ಈ ಗಂಟು ಬಿಚ್ಚುತ್ತದೆ. ಇದಕ್ಕೆ ಅಣೆಕಟ್ಟು ಬೇಡ, ಒಂದು ಆದೇಶ ಸಾಕು.

ಆಮೇಲೆ ಟ್ರಾನ್ಸ್‌ಫಾರ್ಮರ್. 100 ಕೆವಿಎ ಟಿಸಿಗೆ 80 ಮನೆ ಎಂದುಕೊಳ್ಳಿ. ಸಂಜೆ ಏಳಕ್ಕೆ ಅದರಲ್ಲಿ 40 ಮನೆ ಒಟ್ಟಿಗೆ 1.5 ಕಿಲೋವ್ಯಾಟಿನಂತೆ ಒಲೆ ಹಚ್ಚಿದರೆ 60 ಕಿಲೋವ್ಯಾಟ್ ಹೆಚ್ಚಾಯಿತು. ದೀಪ, ಟಿವಿ, ಫ್ರಿಜ್ಜಿನ ಹಳೆಯ ಲೋಡು 40–50 ಮೊದಲೇ ಇದೆ. ಟಿಸಿ ಬಿಸಿಯಾಗುತ್ತದೆ, ಎಣ್ಣೆ ಸೋರುತ್ತದೆ, ಫ್ಯೂಸ್ ಹೋಗುತ್ತದೆ. ಲೈನ್‌ಮನ್ ದಪ್ಪ ತಂತಿ ಕಟ್ಟಿ ಹೋದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ವೈಂಡಿಂಗ್. ಇನ್ನು ಟಿಸಿಯಿಂದ ದೂರದ ಕೊನೆಯ ಮನೆಗಳಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಇಂಡಕ್ಷನ್ ಒಲೆ ಎರರ್ ತೋರಿಸಿ ನಿಲ್ಲುತ್ತದೆ. ಅಂಥ ಮನೆಯವರು ಒಲೆಯನ್ನು ಅಟ್ಟಕ್ಕೇರಿಸಿ ಮತ್ತೆ ಸಿಲಿಂಡರ್ ತರುತ್ತಾರೆ. ಕೆಲಸದ ಕ್ರಮ ಹೀಗಿರಬೇಕು: ಮೊದಲು ಟಿಸಿಯ ಸಂಜೆಯ ಲೋಡನ್ನು ಒಂದು ವಾರ ಅಳೆಯುವುದು, ಸಾಮರ್ಥ್ಯದ ಶೇ. 70 ದಾಟಿದ್ದರೆ ಇನ್ನೊಂದು ಟಿಸಿ ಕೂರಿಸಿ ಟಿಸಿಯಿಂದ ಮನೆಗಳಿಗೆ ಹೋಗುವ ಎಲ್‌ಟಿ ಲೈನಿನ ಉದ್ದ ಅರ್ಧ ಮಾಡುವುದು, ಆಮೇಲೆ ಮೀಟರ್, ಕೊನೆಗೆ ಒಲೆ. ಮೊದಲೇ ಒಲೆ ಹಂಚಿದರೆ ಹಣ ವ್ಯರ್ಥ.

ವಾಹನದ ಕಡೆ ಕೆಲಸ ಚುರುಕಾಗಿದೆ. ತೆರಿಗೆಯಲ್ಲಿ ದೊಡ್ಡ ಅಂತರ ಇಟ್ಟಿದ್ದರಿಂದ ಹೊಸದಾಗಿ ಬರುವ ಕಾರುಗಳಲ್ಲಿ ಸುಮಾರು ಶೇ. 70 ವಿದ್ಯುತ್ ಕಾರುಗಳೇ. ರಾತ್ರಿ ಹನ್ನೊಂದರ ಮೇಲೆ ಚಾರ್ಜ್ ಮಾಡಿದರೆ ದರ ಕಡಿಮೆ, ಮಳೆಗಾಲದ ರಾತ್ರಿಯ ನೀರು ಹಾಗೆ ಕೆಲಸಕ್ಕೆ ಬರುತ್ತದೆ. ಆದರೆ ಡೀಸೆಲಿನ ದೊಡ್ಡ ಪಾಲು ಲಾರಿ, ಬಸ್ಸು, ಟ್ರ್ಯಾಕ್ಟರಿನದು. ಕಾರಿನಿಂದ ಅದು ಇಳಿಯದು.

ಓದುಗ_ಧಾರವಾಡ

ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ಒಂದು, ಚೀನಾದ ಕಡೆಯಿಂದ ಎಣ್ಣೆ ತರುವ ದಾರಿ ಏನಾಯಿತು? ಎರಡು, ಮಂಗಳೂರು, ಪಾದೂರಿನಲ್ಲಿ ಇರುವಂಥ ಬಂಡೆಯೊಳಗಿನ ಸಂಗ್ರಹ ನೇಪಾಳಕ್ಕೂ ಮಾಡಬಹುದಲ್ಲ? ಹಾಗೆಯೇ, ಮಳೆಗಾಲದಲ್ಲಿ ಕರೆಂಟ್ ಕೊಟ್ಟು ಚಳಿಗಾಲದಲ್ಲಿ ವಾಪಸ್ ಪಡೆಯುವ ಕೊಡುಕೊಳ್ಳುವಿಕೆ ಯಾಕೆ ಆಗುತ್ತಿಲ್ಲ?

ಡಿಪೊ_ಲೆಕ್ಕ

2015ರ ಕೊನೆಯಲ್ಲಿ ಚೀನಾ 13 ಲಕ್ಷ ಲೀಟರ್ ಪೆಟ್ರೋಲನ್ನು ಟಿಬೆಟ್ ಗಡಿಯ ಕೇರುಂಗ್ ದಾರಿಯಿಂದ ಉಚಿತವಾಗಿ ಕೊಟ್ಟಿತು. 20 ಕಿಲೋಲೀಟರಿನ ಟ್ಯಾಂಕರಿನಲ್ಲಿ ಹಾಕಿದರೆ 65 ಲೋಡು. ಆ ದಾರಿ ಅದೇ ವರ್ಷದ ಏಪ್ರಿಲ್ ಭೂಕಂಪಕ್ಕೆ ಹಾಳಾಗಿತ್ತು, ಈಗಲೂ ಮಳೆಗಾಲದಲ್ಲಿ ಕುಸಿಯುತ್ತದೆ. ತಿಯಾನ್‌ಜಿನ್ ಮುಂತಾದ ಬಂದರು ಬಳಸಲು 2019ರಲ್ಲಿ ಒಪ್ಪಂದವಾಗಿದೆ, ಆದರೆ ಅಲ್ಲಿಂದ ಗಡಿಗೆ 3,000 ಕಿ.ಮೀ.ಗೂ ಹೆಚ್ಚು. ಹಲ್ದಿಯಾ, ಬರೌನಿಯ ಎಣ್ಣೆಯ ಜೊತೆ ದರದಲ್ಲಿ ಅದು ಪೈಪೋಟಿ ಕೊಡಲಾರದು. ತುರ್ತಿಗೆ ಇರಲಿ, ದಿನನಿತ್ಯಕ್ಕೆ ಆಗದು.

ಮಂಗಳೂರಿನ 15 ಲಕ್ಷ ಟನ್, ಪಾದೂರಿನ 25 ಲಕ್ಷ ಟನ್ ಸಂಗ್ರಹ ಕಚ್ಚಾ ತೈಲದ್ದು. ಸಂಸ್ಕರಣಾಗಾರ ಇಲ್ಲದ ದೇಶ ಕಚ್ಚಾ ತೈಲ ಇಟ್ಟುಕೊಂಡು ಮಾಡುವುದೇನು? ನೇಪಾಳ ಇಡಬೇಕಾದ್ದು ಸಂಸ್ಕರಿಸಿದ ಪೆಟ್ರೋಲ್, ಡೀಸೆಲ್. ಅವು ಹಳೆಯದಾದರೆ ಕೆಡುತ್ತವೆ. ಪೆಟ್ರೋಲಿನಲ್ಲಿ ಅಂಟು ಕಟ್ಟುತ್ತದೆ, ಡೀಸೆಲಿನ ತಳದಲ್ಲಿ ನೀರು ಸೇರಿದರೆ ಸೂಕ್ಷ್ಮಜೀವಿ ಬೆಳೆದು ಫಿಲ್ಟರ್ ಕಟ್ಟುತ್ತದೆ. ಹೀಗಾಗಿ ಮೊದಲು ಬಂದಿದ್ದನ್ನು ಮೊದಲು ಮಾರಿ, ಹೊಸದನ್ನು ತುಂಬುತ್ತಲೇ ಇರಬೇಕು. ಬೀಗ ಹಾಕಿ ಇಡುವ ದಾಸ್ತಾನು ಅಲ್ಲಿ ನಡೆಯುವುದಿಲ್ಲ. ಪ್ರತಿ ಡಿಪೊದಲ್ಲಿ ಇಳಿಸಬಾರದ ಒಂದು ಗೆರೆ ಹಾಕಿ, ಅದರ ಮೇಲಿನದನ್ನು ಮಾತ್ರ ಮಾರಾಟಕ್ಕೆ ಬಿಡುವುದು ಅವರಿಗೆ ಸರಿಹೊಂದುವ ವಿಧಾನ.

ತೊಂಬತ್ತಾರು_ಬ್ಲಾಕ್

ಕೊಡುಕೊಳ್ಳುವಿಕೆ ಭಾರತದ ರಾಜ್ಯಗಳ ನಡುವೆ ನಡೆಯುತ್ತದೆ. 2023ರ ಬರದಲ್ಲಿ ಕರ್ನಾಟಕ ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಇದೇ ರೀತಿ ಕರೆಂಟ್ ಪಡೆದು ಮುಂದಿನ ಮಳೆಗಾಲದಲ್ಲಿ ಹಿಂತಿರುಗಿಸುವ ಏರ್ಪಾಡು ಮಾಡಿಕೊಂಡಿತ್ತು. ಪಂಜಾಬಿಗೆ ಭತ್ತದ ನಾಟಿಯ ಹೊತ್ತಿಗೆ ಪಂಪ್‌ಸೆಟ್ಟಿಗೆ ಬೇಕು, ನಮಗೆ ಬೇಸಿಗೆಗೆ ಬೇಕು. ಇಬ್ಬರ ಹಸಿವಿನ ಕಾಲ ಬೇರೆ ಇದ್ದುದರಿಂದ ಹೊಂದಿಕೆಯಾಯಿತು.

ನೇಪಾಳಕ್ಕೆ ಜೊತೆಯಾಗಬಲ್ಲವರೂ ಅವರೇ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭತ್ತದ ನೀರಿಗೆ ಕರೆಂಟ್ ಬೇಕಾದ ಉತ್ತರದ ರಾಜ್ಯಗಳು. ತಕರಾರು ಇರುವುದು ಯೂನಿಟ್ಟಿಗೆ ಯೂನಿಟ್ ಅನ್ನುವ ಲೆಕ್ಕದಲ್ಲಿ. ಜುಲೈ ಮಧ್ಯಾಹ್ನ ಕೊಟ್ಟ ಯೂನಿಟ್ಟಿಗೆ ಜನವರಿ ಸಂಜೆಯ ಯೂನಿಟ್ ಕೇಳಿದರೆ ಯಾವ ರಾಜ್ಯವೂ ಒಪ್ಪುವುದಿಲ್ಲ. ಒಪ್ಪಂದದಲ್ಲಿ ಹೊತ್ತನ್ನು ಬರೆಯಬೇಕು: ಸಂಜೆಗೆ ಸಂಜೆ, ರಾತ್ರಿಗೆ ರಾತ್ರಿ, ಅಥವಾ ಸಂಜೆಯ 100 ಯೂನಿಟ್ಟಿಗೆ ಹಗಲಿನ ಇಂತಿಷ್ಟು ಎಂಬ ಅನುಪಾತ. ಸಾಗಣೆಯ ಶುಲ್ಕ, ದಾರಿಯ ನಷ್ಟ ಯಾರದ್ದು, ಪ್ರವಾಹದಿಂದ ಕೊಡಲಾಗದಿದ್ದರೆ ಬಾಕಿಯನ್ನು ಹಣದಲ್ಲಿ ಯಾವ ದರಕ್ಕೆ ತೀರಿಸುವುದು, ಇವೂ ಮೊದಲೇ ಇತ್ಯರ್ಥವಾಗಬೇಕು. ಗೋರಖ್‌ಪುರ–ಬುಟ್ವಲ್ 400 ಕೆ.ವಿ. ಲೈನು ಮುಗಿಯುವವರೆಗೆ ದೊಡ್ಡ ಪ್ರಮಾಣಕ್ಕೆ ತಂತಿಯೂ ಸಾಲದು. ಈಗ 100–200 ಮೆಗಾವ್ಯಾಟಿಗೆ ಒಂದೇ ರಾಜ್ಯದ ಜೊತೆ ಒಂದು ವರ್ಷ ಮಾಡಿ ನೋಡಬಹುದು. ಅದರ ಶೆಡ್ಯೂಲನ್ನು ಮಳೆಗಾಲ ಶುರುವಾಗುವ ಮೊದಲೇ, ಏಪ್ರಿಲಿನಲ್ಲೇ, ಕೂತು ಬರೆಯಬೇಕು.